ಮೂರನೆಯ ಕಿಟಕಿ

ಹನ್ನೊಂದು ವರ್ಷದಿಂದ ಇದೇ ದಾರಿ ನನ್ನದು,
ಅಕ್ತಾವಿನ ಕಡಲ ದಂಡೆಯಿಂದ ಎಣ್ಣೆಬಾವಿಗಳ ತನಕ
ಒಂದು ಪಾಳಿ ಇಳಿಸಿ, ಇನ್ನೊಂದು ಹತ್ತಿಸಿಕೊಂಡು.
ಬೆಳಗಿನ ಜಾವ. ಬೆನ್ನ ಹಿಂದೆ ಇಪ್ಪತ್ತೆರಡು ತಲೆ,
ಗಾಜಿಗೊರಗಿ ತೂಗುವ ನಿದ್ದೆ.
ಎಚ್ಚರ ಇರುವವರು ಇಬ್ಬರೇ:
ಸಂಬಳಕ್ಕೆ ನಾನು,
ಯಾತಕ್ಕೋ ಕುಲ್ಯಾಶ್.

ಕ್ಯಾಂಟೀನಿನಲ್ಲಿ ಹಿಟ್ಟು ನಾದುವವಳು.
ಮೂರನೆಯ ಕಿಟಕಿ ಅವಳದು, ಬೇರೆ ಯಾರೂ ಕೂರುವುದಿಲ್ಲ.
ಮಾವನ ಕಾಲದ ಜ಼ೆನಿತ್ ಕ್ಯಾಮೆರಾ ಗಾಜಿಗೊತ್ತಿ
ಗುಂಡಿ ಅದುಮಿದಳೆಂದರೆ ಬೆರಳು ಬಿಡುವ ತನಕ
ಅದರ ರೆಪ್ಪೆ ತೆರೆದೇ ಇರುತ್ತದೆ.
ಆಮೇಲೆ, ಮುದುಕಿಯೊಬ್ಬಳು ಕದ ಹಾಕಿಕೊಂಡ ಸದ್ದು.
"ನಿಲ್ಲಿಸಲೇನಮ್ಮ?" ಎಂದಿದ್ದೆ ಮೊದಲ ವರ್ಷ.
"ಬೇಡ ಸಗಿಂದಿಕ್, ಎಂಬತ್ತರಲ್ಲೇ ಹೋಗಲಿ.
ನಿಂತರೆ ಕಲ್ಲು ಬರೀ ಕಲ್ಲಾಗಿಬಿಡುತ್ತದೆ."

ತೊಳೆದುಕೊಡುವ ಪಾಸ್‌ಪೋರ್ಟ್ ಫೋಟೋ ಅಂಗಡಿಯ ಹುಡುಗ
"ಎಲ್ಲ ಕೆಟ್ಟಿವೆ ಅಕ್ಕ" ಎಂದು
ಅರ್ಧ ದುಡ್ಡು ವಾಪಸು ಕೊಟ್ಟನಂತೆ.

ಒಂಬತ್ತನ್ನು ಕ್ಯಾಂಟೀನಿನ ಗೋಡೆಗೆ ಮೈದಾ ಅಂಟಿನಲ್ಲಿ ಹಚ್ಚಿದಳು.
ಅಲ್ಮಾತಿಯಿಂದ ಲೆಕ್ಕ ನೋಡಲು ಬಂದವರು
ಸೂಪಿನ ಬಟ್ಟಲು ಹಿಡಿದೇ ಕತ್ತು ವಾರೆ ಮಾಡಿದರು.
ಅಮೂರ್ತ, ಎಂದರು. ಯಾವ ಜಾಗವೂ ಅಲ್ಲ,
ಬಣ್ಣ, ಗೆರೆ, ಅಷ್ಟೇ.
ನನಗೆ ನಗು ತಡೆಯಲಿಲ್ಲ.

ಯಾವ ಜಾಗವೂ ಅಲ್ಲವೆ?
ಈ ಬಿಳಿ ಪಟ್ಟಿ ಕರಗಿಯೆಯ ಇಳಿಜಾರು,
ಸಮುದ್ರಕ್ಕಿಂತ ಕೆಳಗೆ ಬಸ್ಸು ಹೋಗುವಲ್ಲಿ. ಕಿವಿ ಗುಂಯ್ ಎನ್ನುತ್ತದೆ.
ಈ ತುಕ್ಕಿನ ಗೀರು ಸಾಬಿತನ ಮಗುಚಿದ ಲಾರಿ,
ಹುಲ್ಲು ಬೆಳೆಯಿತೇ ವಿನಾ ಯಾರೂ ಎತ್ತಲಿಲ್ಲ.
ಈ ಉದ್ದದ ಕಂದು ಕೊಳೆ ಉವಾಲಿಖಾನನ ಒಂಟೆ,
ಅಪ್ಪನಾಣೆಗೂ ದಾರಿ ಬಿಡದ ಪ್ರಾಣಿ.
ಇಲ್ಲಿ ತೊದಲುತ್ತಿರುವ ಸುಣ್ಣ, ಗೋರಿಗಳು.
ಅಲ್ಲಿ ನಾನು ರೇಡಿಯೋ ಆರಿಸುತ್ತೇನೆ,
ನಿದ್ದೆಗಣ್ಣಿನವರೂ ಅಂಗೈಯೆತ್ತಿ ಮುಖ ಸವರಿಕೊಳ್ಳುತ್ತಾರೆ.
ನೋಡಿ, ಮೇಲಿನ ಮೂಲೆಯಲ್ಲಿ ತೆಳ್ಳಗೆ ಒಂದು ಹೊಳಪು:
ಗಾಜಿನಲ್ಲಿ ಬಿದ್ದ ಯಾರದೋ ಕೈ.

ಎಂಟಕ್ಕೂ ಊರು ಹೇಳಿದೆ.
ಒಂಬತ್ತನೆಯದರ ಮುಂದೆ ಬಾಯಿ ಕಟ್ಟಿತು.
ಬೂದಿ, ಮಾಸಲು ಹಳದಿ,
ಬಲದಿಂದ ಎಡಕ್ಕೆ ಏರಿಹೋದ ದಿಗಂತ.
ಇಂಥ ಏರು ನನ್ನ ದಾರಿಯಲ್ಲಿಲ್ಲ!
ತೊಂಬತ್ತಾರನೆಯ ಕಲ್ಲು ದಾಟಿದರೆ ನೆಲ
ಇವಳ ಲಟ್ಟಿಸುವ ಮಣೆಯಷ್ಟು ಸಪಾಟು.

ಅವರಿಗೆಲ್ಲ ಅದೇ ಹಿಡಿಸಿತು. ಒಬ್ಬ ಬೆಲೆಯನ್ನೂ ಕೇಳಿದ.
"ಅದು ಡ್ರೈವರಿನದು," ಎಂದಳು ಕುಲ್ಯಾಶ್
ಮುಂಗೈಯಿಂದ ಹಣೆ ಒರೆಸಿಕೊಳ್ಳುತ್ತ.

ಸಂಜೆ, ಒಲೆ ಆರಿದ ಮೇಲೆ, ಕೇಳಿದೆ.
"ಮಾರ್ಚಿ ನಾಲ್ಕು. ನಿನ್ನ ಮಗಳಿಗೆ ಜ್ವರವಿತ್ತಲ್ಲ, ಆ ವಾರ.
ನೂರ ಹದಿನೇಳನೆಯ ಕಲ್ಲಿನ ಹತ್ತಿರ."

ಕಣ್ಣು ಮುಚ್ಚಿ ತೆರೆಯುವುದರೊಳಗೆ ಅನ್ನುತ್ತೇವಲ್ಲ,
ಅಷ್ಟೇ ಹೊತ್ತು.
ಆಮೇಲೆ ಗಾಲಿಯಡಿ ಜಲ್ಲಿಯ ಸದ್ದು, ಕೈಯಲ್ಲಿ ಸ್ಟಿಯರಿಂಗು,
ಮೈತುಂಬ ಬೆವರು. ಜಲ್ಲಿಯೇ ಎಬ್ಬಿಸಿತು ಅಂದುಕೊಂಡಿದ್ದೆ,
ಯಾರಿಗೂ ತಿಳಿಯಲಿಲ್ಲವೆಂದೂ.

"ನೀನು ಕೂಗಬೇಕಿತ್ತಲ್ಲ?"
"ಕೂಗಿದೆ. ಅದಕ್ಕೇ ಎದ್ದೆ ನೀನು.
ಬೆರಳು ತೆಗೆಯುವುದು ಮಾತ್ರ ಮರೆತೆ."

ನನ್ನ ರೆಪ್ಪೆ ಮುಚ್ಚಿದ್ದಷ್ಟು ಹೊತ್ತೂ
ಆ ಹಳೇ ಡಬ್ಬಿಯದು ತೆರೆದಿತ್ತು.
ಇಪ್ಪತ್ತೆರಡು ಮಂದಿ ವಾಲಿದ್ದು ಹಾಗೇ ಉಳಿದುಬಿಟ್ಟಿದೆ,
ಒಂದು ಮಾಸಲು ಹಳದಿ ಏರಾಗಿ.

ಉಳಿದ ಎಂಟಕ್ಕೆ ಈಗ ಒಗ್ಗರಣೆಯ ಹೊಗೆ ಹಿಡಿದಿದೆ.
ಒಂಬತ್ತನೆಯದು ನನ್ನ ತಲೆಯ ಮೇಲೆ,
ಬಿಸಿಲುಪಟ್ಟಿಯ ಹಿಂದೆ ಸಿಕ್ಕಿಸಿಟ್ಟಿದ್ದೇನೆ.

ಇವತ್ತು ನೂರ ಹದಿನೇಳು ಬಂತು.
ಏನೂ ಇಲ್ಲ ಅಲ್ಲಿ, ಜುಸಾನಿನ ಕಹಿ ವಾಸನೆ ಬಿಟ್ಟರೆ.
ಕಾಲು ತಾನಾಗಿ ಸಡಿಲಿತು, ಮುಳ್ಳು ಅರವತ್ತಕ್ಕಿಳಿಯಿತು.

"ಎಂಬತ್ತು," ಎಂದಿತು ಮೂರನೆಯ ಕಿಟಕಿ.